ಸಣ್ಣ ಉದ್ಯಮಕ್ಕೆ ಸರ್ಕಾರದ ಆಸರೆ: ಮೈಸೂರು ಸಂಸ್ಥಾನದಿಂದ ದಾವಣಗೆರೆ ಜಿಲ್ಲೆಯವರೆಗೆ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರಿನಲ್ಲಿ ಉದ್ಯಮವೆಂದರೆ ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪು, ಟೈಲರ್ ಅಂಗಡಿ, ಅಡಿಕೆ ಸುಲಿಯುವ ಯಂತ್ರ, ಹಾಳೆತಟ್ಟೆ ಒತ್ತುವ ಒಂದು ಕೋಣೆ. ಭದ್ರಾ ನಾಲೆಯ ನೀರು ಹರಿಯುವ ಈ ಸೀಮೆಯಲ್ಲಿ ಭತ್ತ ಮತ್ತು ಅಡಿಕೆಯ ಸುತ್ತ ದುಡಿಮೆ ಬೆಳೆದರೆ, ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಅದು ಮೆಕ್ಕೆಜೋಳ, ಶೇಂಗಾ, ಸಿರಿಧಾನ್ಯಗಳ ಸುತ್ತ ನಿಂತಿದೆ. ಇಷ್ಟು ಸಣ್ಣ ದುಡಿಮೆಗೆ ಸರ್ಕಾರ ಸಾಲ, ಸಬ್ಸಿಡಿ, ಶೆಡ್ಡು, ತರಬೇತಿ, ಕಾನೂನಿನ ರಕ್ಷಣೆ ಕೊಡುವ ಪದ್ಧತಿಗೆ ಕನ್ನಡನಾಡಿನಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿಯ ಭಾಗವಾಗಿತ್ತು. ಹಾಗಾಗಿ ಕಥೆ ಶುರುವಾಗುವುದು ಮೈಸೂರಿನಿಂದಲೇ.

ಅದಕ್ಕೂ ಮೊದಲು ಮದ್ರಾಸಿನಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಸರ್ಕಾರದ ಪರವಾಗಿ ಅಲ್ಯೂಮಿನಿಯಂ ಪಾತ್ರೆ ತಯಾರಿಕೆಯನ್ನೂ ಕ್ರೋಮ್ ವಿಧಾನದ ಚರ್ಮ ಹದ ಮಾಡುವಿಕೆಯನ್ನೂ ಪ್ರಯೋಗ ಮಾಡಿ ತೋರಿಸಿದ್ದರು. ಸರ್ಕಾರ ವ್ಯಾಪಾರಕ್ಕಿಳಿದರೆ ಖಾಸಗಿಯವರಿಗೆ ಪೆಟ್ಟು ಎಂದು ಯುರೋಪಿಯನ್ ವರ್ತಕರು ಗುಲ್ಲೆಬ್ಬಿಸಿದರು. 1910ರಲ್ಲಿ ಲಂಡನ್ನಿನಿಂದ ಭಾರತ ಕಾರ್ಯದರ್ಶಿ ಮಾರ್ಲೆ ಆ ಕೆಲಸಕ್ಕೆ ತಡೆ ಹಾಕಿದರು. ಬ್ರಿಟಿಷ್ ಪ್ರಾಂತ್ಯದಲ್ಲಿ ಬೇಡವಾದದ್ದು ಮೈಸೂರಿಗೆ ಬೇಕಾಗಿತ್ತು: 1912ರಲ್ಲಿ ಚಾಟರ್ಟನ್ ಸಂಸ್ಥಾನದ ಸೇವೆಗೆ ಬಂದರು. ಅದೇ ವರ್ಷ ವಿಶ್ವೇಶ್ವರಯ್ಯ ದಿವಾನರಾದರು. 1911ರಲ್ಲಿ ಹುಟ್ಟಿದ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಅಧಿಕಾರಿಗಳನ್ನೂ ವರ್ತಕರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿತ್ತು. 1913ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಮತ್ತು ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದವು.

ಮೊದಲ ಮಹಾಯುದ್ಧದಿಂದ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ತೆಗೆಯುವ ದಾರಿ ಕಂಡುಹಿಡಿದರು. 1916ರ ಗಂಧದೆಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆಗಳ ಹಿನ್ನೆಲೆ ಇದು. ಇವು ಸಂಸ್ಥಾನದ ಹೆಮ್ಮೆ, ನಿಜ. ಆದರೆ ಇವುಗಳ ಮಾಲೀಕ ಸರ್ಕಾರವೇ ಆಗಿತ್ತು. ಹಳ್ಳಿಯ ಗಾಣಿಗನಿಗೋ ಕಮ್ಮಾರನಿಗೋ ಇವುಗಳಿಂದ ನೇರವಾಗಿ ಸಿಕ್ಕಿದ್ದು ಕಡಿಮೆ. ಅಂಥವರಿಗೆ ಹತ್ತಿರವಾದದ್ದು ಸಹಕಾರ ಸಂಘ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ಮೊದಲನೆಯದು. ಮೈಸೂರು ಸಂಸ್ಥಾನವೂ ಅದೇ ವರ್ಷ ಸಹಕಾರ ಸಂಘಗಳ ಕಾನೂನು ತಂದಿತು. ಜಾಮೀನು ಕೊಡಲು ಆಸ್ತಿಯಿಲ್ಲದವನಿಗೆ ಊರಿನವರ ನಂಬಿಕೆಯೇ ಜಾಮೀನಾಗುವ ಈ ಏರ್ಪಾಟು ಸರ್ಕಾರದ ಕಾನೂನು ಮತ್ತು ಊರಿನ ಮುಂದಾಳತ್ವ ಕೂಡಿ ಬೆಳೆದದ್ದು. ಚನ್ನಗಿರಿಯ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ತುಮ್‌ಕೋಸ್ ಇಂದಿಗೂ ಆ ಪರಂಪರೆಯದೇ.

ಸ್ವಾತಂತ್ರ್ಯ ಬಂದಾಗ ಎರಡನೇ ಮಹಾಯುದ್ಧದಿಂದ ಎದ್ದ ಹಲವು ದೇಶಗಳು ಸಣ್ಣ ಉದ್ಯಮಕ್ಕೆ ಆಸರೆಯಾಗುವ ಯೋಚನೆಯಲ್ಲಿದ್ದವು. ಜಪಾನ್ 1948ರಲ್ಲಿ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದೇ ಪ್ರತ್ಯೇಕ ಸರ್ಕಾರಿ ಸಂಸ್ಥೆ ತೆರೆಯಿತು, ಅಮೆರಿಕ 1953ರಲ್ಲಿ. ಭಾರತದ 1948ರ ಕೈಗಾರಿಕಾ ನೀತಿಯಲ್ಲಿ ಗುಡಿ ಕೈಗಾರಿಕೆಗೂ ಸಣ್ಣ ಕೈಗಾರಿಕೆಗೂ ಜಾಗ ಸಿಕ್ಕಿತು. ಬೆಂಗಳೂರಿನಲ್ಲಿ ಸಣ್ಣ ಉದ್ಯಮಿಗಳೇ ಸೇರಿ 1949ರಲ್ಲಿ ಕಾಸಿಯಾ ಸಂಘ ಕಟ್ಟಿಕೊಂಡರು. 1954ರಲ್ಲಿ ಕೇಂದ್ರ ಸಣ್ಣ ಕೈಗಾರಿಕಾ ಮಂಡಳಿ ಬಂತು. 1955ರ ಕರ್ವೆ ಸಮಿತಿ ಹಳ್ಳಿಯ ಕೈಗಾರಿಕೆಯನ್ನು ಪಂಚವಾರ್ಷಿಕ ಯೋಜನೆಯ ಒಳಗೇ ತಂದಿತು. ಅದೇ ವರ್ಷ ಶುರುವಾದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಯಂತ್ರವನ್ನು ಕಂತಿನ ಮೇಲೆ ಕೊಡತೊಡಗಿತು. ಆಗಿನ ಲೆಕ್ಕಕ್ಕೆ ₹5 ಲಕ್ಷದೊಳಗಿನ ಬಂಡವಾಳ, ವಿದ್ಯುತ್ ಬಳಸಿದರೆ 50ಕ್ಕಿಂತ ಕಡಿಮೆ ಕೆಲಸಗಾರರು ಇದ್ದರೆ ಅದು ಸಣ್ಣ ಕೈಗಾರಿಕೆ.

ರಾಜ್ಯದಲ್ಲಿ 1959ರಲ್ಲಿ ಹಣಕಾಸು ಸಂಸ್ಥೆ, 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಆರಂಭವಾದವು. ಮೊದಲನೆಯದು ದೀರ್ಘಾವಧಿ ಸಾಲ ಕೊಟ್ಟರೆ, ಎರಡನೆಯದು ಕೈಗಾರಿಕಾ ವಸಾಹತು ಕಟ್ಟಿ ಶೆಡ್ಡು ಕೊಟ್ಟಿತು, ಕಚ್ಚಾಮಾಲು ಹಂಚಿತು. ಕಬ್ಬಿಣಕ್ಕೂ ಕೋಟಾ ಇದ್ದ ಆ ಕಾಲದಲ್ಲಿ ಕಚ್ಚಾಮಾಲು ಸಿಗುವುದೇ ಅರ್ಧ ಬಂಡವಾಳ. ಹೊಸದಾಗಿ ಶುರು ಮಾಡುವವನು ಜಾಗಕ್ಕೂ ಗೋಡೆಗೂ ವಿದ್ಯುತ್ತಿಗೂ ಓಡಾಡುವುದನ್ನು ಶೆಡ್ಡು ತಪ್ಪಿಸಿತು. ಸರ್ಕಾರ ಮಾಡಿದ ಕೆಲಸಗಳಲ್ಲಿ ಕಡಿಮೆ ಸದ್ದು ಮಾಡಿ ಹೆಚ್ಚು ಬಾಳಿದ್ದು ಇದೇ ಎನ್ನಬೇಕು.

ವಸ್ತುಗಳ ಮೀಸಲಾತಿಯ ಪ್ರಯೋಗ ಅಷ್ಟು ಸರಳವಾಗಿ ಮುಗಿಯಲಿಲ್ಲ. ಸಣ್ಣ ಘಟಕಗಳಷ್ಟೇ ತಯಾರಿಸಬೇಕಾದ ವಸ್ತುಗಳ ಪಟ್ಟಿ 1967ರಲ್ಲಿ 47ರಿಂದ ಶುರುವಾಗಿ ಎಪ್ಪತ್ತರ ದಶಕ ಕಳೆಯುವಷ್ಟರಲ್ಲಿ 800 ದಾಟಿತು. ದೊಡ್ಡ ಕಂಪನಿ ಒಳಗೆ ಬರದಂತೆ ಬೇಲಿ ಸಿಕ್ಕಿತು, ದಿಟ. ಆದರೆ ಘಟಕ ಬೆಳೆದು ಮಿತಿ ದಾಟಿದರೆ ರಕ್ಷಣೆಯೂ ಹೋಗುತ್ತಿದ್ದರಿಂದ ಬೆಳೆಯುವುದೇ ನಷ್ಟವಾಯಿತು. ಒಂದೇ ಮನೆಯವರು ಬೇರೆ ಬೇರೆ ಹೆಸರಿನಲ್ಲಿ ಪುಟ್ಟ ಪುಟ್ಟ ಘಟಕ ನಡೆಸುವ ರೂಢಿ ಬೆಳೆಯಿತು. ತೊಂಬತ್ತರ ದಶಕದ ಉದಾರೀಕರಣದ ನಂತರ ಪಟ್ಟಿ ಕರಗುತ್ತಾ ಬಂತು. ಉಪ್ಪಿನಕಾಯಿ, ಬ್ರೆಡ್ಡು, ಊದುಬತ್ತಿ, ಬೆಂಕಿಪೊಟ್ಟಣ, ಗಾಜಿನ ಬಳೆ ಸೇರಿದಂತೆ ಉಳಿದಿದ್ದ ಕೊನೆಯ 20 ವಸ್ತುಗಳನ್ನು 2015ರ ಏಪ್ರಿಲ್‌ನಲ್ಲಿ ಕೈಬಿಡಲಾಯಿತು.

1969ರ ರಾಷ್ಟ್ರೀಕರಣದಿಂದ ಬ್ಯಾಂಕು ಹಳ್ಳಿಯ ಕಡೆ ಮುಖ ಮಾಡಿತು. ಆ 14 ಬ್ಯಾಂಕುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ಕರಾವಳಿಯ ಮಣ್ಣಿನವು. ಅಂಗಡಿ ಬಾಗಿಲಿಗೇ ಬಂದು ದಿನದ ಚಿಲ್ಲರೆ ಉಳಿತಾಯ ಕಟ್ಟಿಸಿಕೊಳ್ಳುವ ಪಿಗ್ಮಿಯನ್ನು ಸಿಂಡಿಕೇಟ್ 1928ರಲ್ಲೇ ಆರಂಭಿಸಿತ್ತು. 1978ರಲ್ಲಿ ದೇಶದ ಜಿಲ್ಲೆಗಳಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದವು. ಎಲ್ಲ ಪರವಾನಗಿ, ಎಲ್ಲ ನೆರವು ಒಂದೇ ಸೂರಿನಡಿ ಎಂಬುದು ಅದರ ಆಶಯ. ಜನರ ಬಾಯಲ್ಲಿ ಅದು ಡಿಐಸಿ. ಮುಂದಿನ ವರ್ಷವೇ ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗದ ತರಬೇತಿ ಯೋಜನೆ ಟ್ರೈಸೆಮ್ ಬಂತು.

ಕರ್ನಾಟಕ ದೇಶಕ್ಕೆ ಕೊಟ್ಟ ದೊಡ್ಡ ಪಾಠ ಹುಟ್ಟಿದ್ದು ಉಜಿರೆಯಲ್ಲಿ. 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ಅಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ಕೆಲಸವಿಲ್ಲದ ಯುವಕ ಯುವತಿಯರಿಗೆ ಊಟ ವಸತಿ ಕೊಟ್ಟು, ಶುಲ್ಕವಿಲ್ಲದೆ, ಕೆಲವೇ ವಾರಗಳಲ್ಲಿ ಒಂದು ಕಸುಬು ಕಲಿಸುವುದು. ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಯೊಂದಿಗೆ ಮಾತಾಡುವುದು, ಬ್ಯಾಂಕಿನ ಅರ್ಜಿ ತುಂಬುವುದನ್ನೂ ಹೇಳಿಕೊಡುವುದು. ಇಲ್ಲಿಯ ಹೊಸತನ ಇದ್ದದ್ದು ತರಬೇತಿ ಮುಗಿದ ನಂತರ. ಕಲಿತುಹೋದವರ ಬೆನ್ನಿಗೆ ಸಂಸ್ಥೆ ಎರಡು ವರ್ಷ ನಿಂತು, ಅಂಗಡಿ ಶುರುವಾಯಿತೇ, ಸಾಲ ಸಿಕ್ಕಿತೇ ಎಂದು ವಿಚಾರಿಸುತ್ತಿತ್ತು. ಸಾಲಕ್ಕೆ ಸಹಿ ಹಾಕಿಸಿಕೊಂಡು ಮರೆತುಬಿಡುವ ಇಲಾಖೆಗಳ ನಡುವೆ ಇದು ಬೇರೆಯೇ ದಾರಿ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಾಗಿ ಇಡೀ ದೇಶಕ್ಕೆ ಹರಡಲು ಹೊರಟಿತು. ದಾವಣಗೆರೆಯಲ್ಲಿ ಅದನ್ನು ನಡೆಸುವುದು ಕೆನರಾ ಬ್ಯಾಂಕು.

ಕಚೇರಿ ಎಷ್ಟು ದೂರವಿದೆ ಎಂಬುದೂ ನೆರವಿನ ಒಂದು ಭಾಗವೇ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗಕ್ಕೆ, ಜಗಳೂರಿನವರು ಚಿತ್ರದುರ್ಗಕ್ಕೆ ಅರ್ಜಿ ಹಿಡಿದು ಹೋಗಬೇಕಿತ್ತು. ತ್ಯಾವಣಿಗೆಯ ಸುತ್ತಿನವರಿಗೆ ಮಾಲು ತರಲು ಮಾರಲು ಪೇಟೆ ದಾವಣಗೆರೆ, ಸಹಿಗೆ ಮಾತ್ರ ಶಿವಮೊಗ್ಗ. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ. ಆ ಹೊತ್ತಿಗೆ ದಾವಣಗೆರೆಯ ಹತ್ತಿ ಗಿರಣಿಗಳ ವೈಭವ ಇಳಿದಿತ್ತು. 1941ರಲ್ಲಿ ಹರಿಹರದಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಮುಂದೆ ಬಾಗಿಲು ಹಾಕಿತು. ದೊಡ್ಡ ಕಾರ್ಖಾನೆಯ ಸಂಬಳ ನಿಂತ ಜಿಲ್ಲೆಯಲ್ಲಿ ಮಂಡಕ್ಕಿ ಭಟ್ಟಿ, ಬೆಣ್ಣೆದೋಸೆ ಹೋಟೆಲು, ಲೇತ್ ವರ್ಕ್‌ಶಾಪಿನಂಥ ಸಣ್ಣ ದುಡಿಮೆಯ ತೂಕ ಹೆಚ್ಚಾಯಿತು.

ಹೆಣ್ಣುಮಕ್ಕಳ ಪಾಲು ಬಹುಕಾಲ ಕಡತದ ಹೊರಗೇ ಇತ್ತು. 1983ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘ ಅವೇಕ್, 1987ರಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ, ಆಮೇಲೆ ನಿಗಮದ ಉದ್ಯೋಗಿನಿ ಸಾಲ, 2000ದಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದವು. ವಾರ ವಾರ ಹಣ ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಂಡು, ರೊಟ್ಟಿ, ಶ್ಯಾವಿಗೆ, ಹಪ್ಪಳ ಮಾಡಿ ಮಾರುವ ಗುಂಪುಗಳಿಂದ ಗಂಡನ ಸಹಿಯಿಲ್ಲದ ಬ್ಯಾಂಕ್ ಖಾತೆ ಎಷ್ಟೋ ಮನೆಗಳಿಗೆ ಮೊದಲ ಬಾರಿ ಬಂತು.

ಹೊಸ ಶತಮಾನದ ನೆರವು ಹೆಚ್ಚಾಗಿ ಬ್ಯಾಂಕಿನ ಮೂಲಕವೇ ಹರಿಯುತ್ತದೆ. ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಭರವಸೆ ಕೊಡುವ ಸಾಲ ಖಾತರಿ ನಿಧಿ 2000ದಲ್ಲಿ ಬಂತು. 2010ರಲ್ಲಿ ರಿಸರ್ವ್ ಬ್ಯಾಂಕು ಕಿರು ಮತ್ತು ಸಣ್ಣ ಘಟಕಗಳಿಗೆ ₹10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ಹೇಳಿತು. 2008ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರು, ಪರಿಶಿಷ್ಟರು ಮತ್ತಿತರರಿಗೆ ಶೇ 35 ಸಬ್ಸಿಡಿ. ಆ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿಗೆಂದೇ ಹುಟ್ಟಿ ಮರುದಿನ ಮುಚ್ಚುವ ಘಟಕಗಳಿಗೆ ಇದು ಸರಿಯಾದ ಕಡಿವಾಣ. 2015ರಲ್ಲಿ ಮುದ್ರಾ ಸಾಲ, 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಆರಂಭದಲ್ಲಿ ₹10,000ದ ಮೊದಲ ಸಾಲ ಕೊಡುತ್ತಿದ್ದ ಸ್ವನಿಧಿ, 2023ರಲ್ಲಿ ಬಡಗಿ, ಕಮ್ಮಾರ, ಕುಂಬಾರ ಮುಂತಾದ 18 ಕಸುಬುಗಳಿಗೆ ವಿಶ್ವಕರ್ಮ ಯೋಜನೆ ಸೇರಿಕೊಂಡವು.

ಯಂತ್ರ ಕೊಳ್ಳಲು ಸಾಲ ಸಿಗುತ್ತದೆ, ದಿನದ ವಹಿವಾಟಿಗೆ ಕೈಯಲ್ಲಿ ದುಡ್ಡಿರುವುದಿಲ್ಲ. ಮಾಲು ಕೊಂಡವರು ತಿಂಗಳುಗಟ್ಟಲೆ ಹಣ ಕೊಡದಿದ್ದಾಗ ಸಣ್ಣ ಘಟಕ ಕೈಸಾಲದ ಬಡ್ಡಿಗೆ ಸಿಕ್ಕಿಬೀಳುತ್ತದೆ. ಇದಕ್ಕೆ ಮದ್ದಾಗಿ 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ 45 ದಿನದ ಗಡುವು ಹಾಕಿತು; ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಗಟ್ಟಿಯಾಗಿದೆ. ಆದರೆ ನಾಳೆಯೂ ಅದೇ ಗಿರಾಕಿಗೆ ಮಾಲು ಹಾಕಬೇಕಾದವನು ಅವನ ಮೇಲೆ ದೂರು ಕೊಡಲು ಹಿಂಜರಿಯುತ್ತಾನೆ. ಯೋಜನೆಗಳ ಇಷ್ಟು ಉದ್ದದ ಸಾಲಿನಲ್ಲಿ ಇನ್ನೂ ತುಂಬದೆ ಉಳಿದಿರುವ ದೊಡ್ಡ ಕೊರತೆ ಇದೇ.

ಸಣ್ಣದು ಎಂಬುದರ ಅಳತೆಯೂ ಹಿಗ್ಗುತ್ತಲೇ ಬಂದಿದೆ. 2025ರ ಏಪ್ರಿಲ್ 1ರಿಂದ ₹2.5 ಕೋಟಿ ಹೂಡಿಕೆ, ₹10 ಕೋಟಿ ವಹಿವಾಟಿನವರೆಗೂ ಘಟಕ ಕಿರು ಉದ್ಯಮವೇ. ಇಬ್ಬರು ಕೂತು ಹಾಳೆತಟ್ಟೆ ಒತ್ತುವ ಕೋಣೆಯೂ ಇದೇ ಪಂಕ್ತಿಯಲ್ಲಿ ಬರುತ್ತದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ ಈ ಸಣ್ಣವರ ಕಡೆಗೇ ನೋಡಿದೆ. ಜಿಲ್ಲೆಗೊಂದು ಉತ್ಪನ್ನವೆಂಬ ಅದರ ಪಟ್ಟಿಯಲ್ಲಿ ದಾವಣಗೆರೆಗೆ ಸಿಕ್ಕಿದ್ದು ಸಿರಿಧಾನ್ಯ. ಯೋಜನೆಯ ಶೇ 35 ಸಬ್ಸಿಡಿಗೆ ರಾಜ್ಯ ತನ್ನ ಶೇ 15 ಸೇರಿಸುವುದರಿಂದ ಅರ್ಧ ವೆಚ್ಚ ಸಬ್ಸಿಡಿಯಾಗಿ ಸಿಗುತ್ತದೆ. ಸ್ವಸಹಾಯ ಗುಂಪಿನ ಸದಸ್ಯೆಗೆ ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗೂ ₹40,000ದವರೆಗೆ ಬೀಜಧನವಿದೆ.