ತಳಿಯ ದೋಷವೋ, ಒಡೆಯನ ಹೊಣೆಯೋ

ಶಕ 872ರ ಸೌಮ್ಯ ಸಂವತ್ಸರದಲ್ಲಿ, ಅಂದರೆ ಕ್ರಿ. ಶ. 949-50ರ ಸುಮಾರಿಗೆ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಲ್ಪಟ್ಟು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿರುವ ಶಿಲಾಶಾಸನವೊಂದು, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳೆಂಬ ನಮ್ಮ ನಾಲ್ಕು ತಾಲೂಕುಗಳ ಪೂರ್ವಚರಿತ್ರೆಗೂ ಸಂಬಂಧಪಟ್ಟುದಾಗಿದೆ. ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಸಂಹರಿಸಿದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬನವಾಸಿ ಪನ್ನಿರ್ಛಾಸಿರವನ್ನೂ ಬೆಳ್ವೊಲ, ಪುರಿಗೆರೆ ಮುನ್ನೂರುಗಳೆಂಬ ನಾಡುಗಳನ್ನೂ ಮೆಚ್ಚುಗೆಯಾಗಿ ಕೊಟ್ಟನೆಂದು ಆ ಶಾಸನವು ಹೇಳುತ್ತದೆ. ನಮ್ಮ ಸೀಮೆಯ ಹೆಚ್ಚಿನ ಭಾಗವು ಆ ಕೊಡುಗೆಯ ಎಲ್ಲೆಯೊಳಗೇ ಇದ್ದಿತು. ಆದರೆ ಆ ಕಲ್ಲನ್ನು ನಿಲ್ಲಿಸಿದುದು ರಾಜ್ಯದಾನದ ಸ್ಮರಣೆಗಾಗಿ ಅಲ್ಲ, ಒಂದು ನಾಯಿಯ ಸ್ಮರಣೆಗಾಗಿ.

ಅದೇ ಯುದ್ಧದಲ್ಲಿ ಪರಾಕ್ರಮ ಮೆರೆದ ತನ್ನ ಅನುಚರ ಮಣಲೇರನಿಗೆ, ಬೇಡಿದುದನ್ನು ಕೊಡುವೆನೆಂದು ಬೂತುಗನು ಹೇಳಲು, ಆತನು ಊರನ್ನಾಗಲಿ ಹೊನ್ನನ್ನಾಗಲಿ ಬಯಸದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳ್ತೂರಿನ ಬೆಟ್ಟದಲ್ಲಿ ಮಹಾವರಾಹವೊಂದರ ಮೇಲೆ ಬಿಟ್ಟಾಗ, ಹಂದಿಯೂ ಕಾಳಿಯೂ ಪರಸ್ಪರ ಹೋರಾಡಿ ಎರಡೂ ಸತ್ತುವು. ನಾಯಿಯ ಹೆಸರಿನಲ್ಲಿ ಕಲ್ಲು ನಿಂತಿತು, ಭೂಮಿಯನ್ನು ಬಿಡಲಾಯಿತು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಕೂಡದೆಂಬ ಕಟ್ಟಳೆಯೂ ಆಯಿತು. ತುರುಗಾಳಗದಲ್ಲಿ ಮಡಿದ ವೀರರ ಕಲ್ಲುಗಳನ್ನು ಊರೂರಿನಲ್ಲಿ ಕಂಡಿರುವ ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೆನಿಸುವ ಸಂಗತಿ ನಾಯಿಗೆ ದೊರೆತ ಗೌರವವೊಂದೇ ಅಲ್ಲ. ಆ ನಾಯಿ ಯಾರದು, ಯಾರಿಂದ ಯಾರಿಗೆ ಬಂದಿತು, ಯಾರು ಅದನ್ನು ಎಲ್ಲಿ ಬಿಟ್ಟರು ಎಂಬುದೆಲ್ಲ ಸಾರ್ವಜನಿಕವಾಗಿ ದಾಖಲಾಗಿರುವುದೇ ಹೆಚ್ಚು ಗಮನಾರ್ಹವಾದುದು. ಒಡೆಯನಿಲ್ಲದ ನಾಯಿಯ ಕಲ್ಪನೆಗೆ ಆ ಶಾಸನದಲ್ಲಿ ಸ್ಥಳವಿಲ್ಲ.

ರಾಷ್ಟ್ರಕೂಟರ ತರುವಾಯ ಬಂದ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಪಾನುಂಗಲ್ಲು ಐನೂರು ಒಂದು ಪ್ರಸಿದ್ಧ ನಾಡು. ಇಂದು ಶಿಗ್ಗಾಂವಿ ತಾಲೂಕಿಗೆ ಸೇರಿರುವ ಬಂಕಾಪುರವು ಪ್ರಾಂತಾಧಿಪತಿಗಳ ನೆಲೆವೀಡು. ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಗಜ ತುರಗಗಳ ವಿನೋದಗಳ ಜೊತೆಯಲ್ಲಿ ಸಾರಮೇಯ ವಿನೋದಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟು, ಬೇಟೆನಾಯಿಗಳ ಲಕ್ಷಣಗಳನ್ನು ವರ್ಣಿಸಿದ್ದಾನೆ. ಆದಕಾರಣ, ಜಾತಿಗುಣಗಳಿಂದ ನಾಯಿಗಳನ್ನು ವಿಂಗಡಿಸುವ ವಿದ್ಯೆಯು ಪಾಶ್ಚಾತ್ಯರಿಂದ ನಮಗೆ ಬಂದುದೆಂದು ತಿಳಿಯುವುದು ಸರಿಯಲ್ಲ. ಯಾವ ನಾಯಿ ಯಾವ ಕೆಲಸಕ್ಕೆ ಒದಗುವುದೆಂಬ ಅರಿವು ಇಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಗ್ರಂಥಸ್ಥವಾಗಿತ್ತು. ಇಲ್ಲದಿದ್ದುದು, ಆ ಅರಿವಿನಿಂದ ಅಪರಾಧವನ್ನು ನಿರ್ಣಯಿಸುವ ಪದ್ಧತಿ.

ಅಪರಾಧ ನಿರ್ಣಯಕ್ಕೆ ಬೇರೆಯೇ ಶಾಸ್ತ್ರವಿದ್ದಿತು. ಅದೇ ವಂಶದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಭರತಖಂಡದ ಬಹುಭಾಗಕ್ಕೆ ಪ್ರಮಾಣಗ್ರಂಥವಾಯಿತೆಂಬುದು ಸರ್ವವಿದಿತ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಂದು ವಿಧಿಯುಂಟು: ಕೋರೆಹಲ್ಲುಳ್ಳ ಪ್ರಾಣಿಯಾಗಲಿ ಕೊಂಬುಳ್ಳ ಪ್ರಾಣಿಯಾಗಲಿ ಒಬ್ಬನ ಮೇಲೆ ಬಿದ್ದಾಗ, ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಒಡೆಯನು ಪ್ರಥಮ ಸಾಹಸವೆಂಬ ದಂಡಕ್ಕೆ ಪಾತ್ರನು, ತುತ್ತಾದವನು ಕೂಗಿಕೊಂಡರೂ ಸುಮ್ಮನಿದ್ದರೆ ಅದರ ಇಮ್ಮಡಿ. ಕಚ್ಚಿದ ಪ್ರಾಣಿಯ ಕುಲವೇನೆಂದು ಈ ವಿಧಿ ಕೇಳುವುದಿಲ್ಲ. ತಡೆಯಲು ನಿನಗೆ ಸಾಧ್ಯವಿತ್ತೇ, ಏಕೆ ತಡೆಯಲಿಲ್ಲ ಎಂಬ ಎರಡು ಪ್ರಶ್ನೆಗಳನ್ನೇ ಅದು ಒಡೆಯನ ಮುಂದಿಡುತ್ತದೆ. ಶ್ವಾನವನ್ನೂ ವೃಷಭವನ್ನೂ ಒಂದೇ ವಾಕ್ಯದಲ್ಲಿ ಅಡಕಗೊಳಿಸಿದ ಈ ನ್ಯಾಯವು ನಮ್ಮ ಸೀಮೆಗೆ ಎಷ್ಟು ಹೊಂದುವುದೆಂಬುದನ್ನು ಮುಂದೆ ನೋಡೋಣ.

ಶಾಸ್ತ್ರವನ್ನು ಓದದ ಜನರಲ್ಲಿಯೂ ನಾಯಿಯು ಕೆಲಸವುಳ್ಳ, ಒಡೆಯನುಳ್ಳ ಪ್ರಾಣಿಯೇ ಆಗಿತ್ತು. ಹಾನಗಲ್ಲು, ಹಿರೇಕೆರೂರುಗಳ ಪಶ್ಚಿಮದ ಅರೆಮಲೆನಾಡಿನಲ್ಲಿ ಬೆಳೆಗೆ ಕಾಡುಹಂದಿಯ ಭಯ. ಶಿಗ್ಗಾಂವಿ, ಸವಣೂರುಗಳ ಮೂಡಣ ಬಯಲಿನಲ್ಲಿ ಕುರಿಗೆ ತೋಳದ ಭಯ. ಹಿಂಡಿನೊಡನೆ ಊರೂರು ಅಲೆಯುವ ಕುರುಬರ ಹಟ್ಟಿಗೆ ನಾಯಿಯಿಲ್ಲದೆ ರಾತ್ರಿ ಕಳೆಯುವಂತಿರಲಿಲ್ಲ. ಅವರ ಆರಾಧ್ಯದೈವವಾದ ಮೈಲಾರಲಿಂಗನ ಪರಿವಾರದಲ್ಲಿಯೇ ನಾಯಿಗೆ ಸ್ಥಾನವಿದ್ದು, ನೆರೆಯ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಕರಿಯ ಕಂಬಳಿ ಹೊದ್ದ ಭಕ್ತರು ದೈವದ ನಾಯಿಗಳಾಗಿ ಬೊಗಳುತ್ತ ದೋಣಿಯೆಂಬ ಪಾತ್ರೆಯಲ್ಲಿನ ಪ್ರಸಾದವನ್ನು ಸ್ವೀಕರಿಸುವ ಆಚರಣೆ ಇಂದಿಗೂ ನಡೆದುಬಂದಿದೆ. ಒಡೆಯನಿಗೆ ಸಂಪೂರ್ಣವಾಗಿ ಅಧೀನನಾಗಿರುವೆನೆಂಬ ಭಾವಕ್ಕೆ ಜನಪದರು ನಾಯಿಯನ್ನೇ ಆದರ್ಶವಾಗಿ ಆರಿಸಿಕೊಂಡರೆಂದ ಮೇಲೆ, ಒಡೆತನವೆಂಬುದು ಅವರಿಗೆ ಎಷ್ಟು ಗಂಭೀರವಾದ ವಿಷಯವಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕಂಪನಿ ಸರಕಾರದೊಡನೆ ನಾಯಿಯ ಪ್ರಶ್ನೆಗೆ ಹೊಸ ರೂಪ ಬಂದಿತು. 1832ರ ಜೂನ್ ತಿಂಗಳಿನಲ್ಲಿ, ನಮ್ಮ ಧಾರವಾಡ ಸೀಮೆಯೂ ಸೇರಿದ್ದ ಮುಂಬಯಿ ಪ್ರೆಸಿಡೆನ್ಸಿಯ ರಾಜಧಾನಿಯಲ್ಲಿ, ತಲೆಯೊಂದಕ್ಕೆ ಇಷ್ಟೆಂದು ಇನಾಮು ಗೊತ್ತುಮಾಡಿ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ, ನಾಯಿಯನ್ನು ಪವಿತ್ರವೆಂದೆಣಿಸುವ ಪಾರಸಿಗಳು ಸಿಡಿದೆದ್ದು, ಅಂಗಡಿಗಳನ್ನು ಮುಚ್ಚಿ, ಕೊಲಾಬಾದ ದಂಡಿಗೆ ಹೋಗುವ ಸಾಮಗ್ರಿಯನ್ನೂ ತಡೆದರು. ಇಡಿಯ ಒಂದು ವರ್ಗವನ್ನೇ ನಿರ್ಮೂಲ ಮಾಡಿ ಸಮಸ್ಯೆಯನ್ನು ತೀರಿಸಬಹುದೆಂಬ ಆಡಳಿತದ ಆತುರಕ್ಕೆ ಇದು ಈ ಪ್ರಾಂತದಲ್ಲಿ ಮೊದಲ ದೊಡ್ಡ ನಿದರ್ಶನ. ಆದರೆ ಅದೇ ಆಂಗ್ಲರು 1860ರಲ್ಲಿ ಭಾರತ ದಂಡಸಂಹಿತೆಯನ್ನು ರಚಿಸಿದಾಗ, ಅದರ 289ನೆಯ ಕಲಮಿನಲ್ಲಿ ವಿಜ್ಞಾನೇಶ್ವರನ ದಾರಿಯನ್ನೇ ತಿಳಿದೋ ತಿಳಿಯದೆಯೋ ಹಿಡಿದರು: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗಲಿ ಘೋರವಾದ ಗಾಯವಾಗಲಿ ಸಂಭವಿಸದಂತೆ ಎಚ್ಚರವಹಿಸದವನಿಗೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹಾನಗಲ್ಲು ತಾಲೂಕಿಗೂ, ಶಿಗ್ಗಾಂವಿಯಲ್ಲಿ ಕಚೇರಿಯಿದ್ದ ಬಂಕಾಪುರ ತಾಲೂಕಿಗೂ, ಹಿರೇಕೆರೂರಿನಲ್ಲಿ ಕಚೇರಿಯಿದ್ದ ಕೋಡ ತಾಲೂಕಿಗೂ ಈ ಕಾಯಿದೆ ಅನ್ವಯಿಸಿತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿ ಉಳಿದಿತ್ತು.

ಆಡಳಿತದ ಆತುರಕ್ಕೆ ಕಾರಣವಿರಲಿಲ್ಲವೆಂದು ಹೇಳಲಾಗದು. ಹುಚ್ಚುನಾಯಿ ಕಚ್ಚಿದವನಿಗೆ ರೋಗಲಕ್ಷಣಗಳು ತೋರಿದ ಬಳಿಕ ಮರಣವೇ ಗತಿಯೆಂಬುದು ಅಂದಿಗೂ ಇಂದಿಗೂ ಬಹುಮಟ್ಟಿಗೆ ಸತ್ಯ. 1885ರಲ್ಲಿ ಪಾಶ್ಚರನು ಲಸಿಕೆಯನ್ನು ಮೊದಲು ಮನುಷ್ಯನ ಮೇಲೆ ಪ್ರಯೋಗಿಸಿದನು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಗಳು ಸ್ಥಾಪಿತವಾದುವು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿಯೆಂದು ಹಿರಿಯರು ಈಗಲೂ ನಡುಗುತ್ತ ನೆನೆಯುವ ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ ನಿಂತುದು 2004ರ ಸುಮಾರಿಗೆ. ರೇಬೀಸು ತಳಿಯನ್ನು ನೋಡಿ ಬರುವ ರೋಗವಲ್ಲ, ಲಸಿಕೆಯಿಲ್ಲದ ಕಡೆ ಬರುವ ರೋಗ. ಲಸಿಕೆ ಹಾಕಿಸತಕ್ಕವನು ಒಡೆಯ, ಒಡೆಯನಿಲ್ಲದೆಡೆ ಪುರಸಭೆ.

ಇಪ್ಪತ್ತನೆಯ ಶತಮಾನವು ನಾಯಿಯ ಕೆಲಸವನ್ನು ಕ್ರಮೇಣ ಕಸಿದುಕೊಂಡಿತು. ದಖ್ಖನಿನ ಬೇಡರು ಸಾಕಿಕೊಂಡು ಬಂದ ನೀಳದೇಹದ ಬೇಟೆನಾಯಿಗಳಿಗೆ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆ ದೊರೆತು, ಅವರಿಂದ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಸಂದು, ಮುಧೋಳ ನಾಯಿಯೆಂಬ ಹೆಸರು ಸ್ಥಿರವಾಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರವೂ ಬಂದಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯೇ ಅಪರಾಧವಾದುದರಿಂದ, ಬೇಟೆನಾಯಿಯು ಅಂಗಳದ ಕಾವಲಿಗೆ ಇಳಿಯಿತು. ಅತ್ತ ಪಟ್ಟಣಗಳಲ್ಲಿ ಕೈಗೆ ಹಣ ಸೇರಿದವರು ಪ್ರತಿಷ್ಠೆಗಾಗಿ ಹೊರದೇಶದ ಭಾರಿ ನಾಯಿಗಳನ್ನು ಕೊಂಡು ತರತೊಡಗಿದರು. ಆ ಪ್ರಾಣಿಗೆ ಬೇಕಾದ ಓಟ, ಶಿಕ್ಷಣ, ಸಹವಾಸ ಇವುಗಳನ್ನು ಕೊಡಲಾರದೆ, ಗೇಟಿನ ಹಿಂದೆ ಸರಪಳಿಯಲ್ಲಿ ಕಟ್ಟಿಹಾಕಿ, ಮುಂದೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ತಗುಲಿಸಿದರೆ ಒಡೆತನದ ಧರ್ಮ ಮುಗಿಯಿತೆಂದು ಭಾವಿಸಿದವರು ಅನೇಕರು.

ಇಂತಹ ನಾಯಿಗಳು ಮಕ್ಕಳನ್ನೂ ವೃದ್ಧರನ್ನೂ ಘಾಸಿಗೊಳಿಸಿದ ವಾರ್ತೆಗಳು ಹೆಚ್ಚಿ, ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯಾಗಿ, ಕಡೆಗೆ 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆಯು, ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ 23 ತಳಿಗಳ ಆಮದು, ಸಂವರ್ಧನೆ, ಮಾರಾಟಗಳನ್ನು ನಿಲ್ಲಿಸಬೇಕೆಂದೂ, ಈಗಾಗಲೇ ಸಾಕಿರುವವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಆ ಪಟ್ಟಿಯನ್ನು ಸಾವಧಾನವಾಗಿ ಓದಿದವನಿಗೆ ಅದರ ರಚನೆಯಲ್ಲಿಯೇ ಆತುರ ಕಾಣದಿರದು. ಜಪಾನಿನ ಟೋಸಾ ಎಂಬ ಒಂದೇ ತಳಿ ಅದರಲ್ಲಿ ಎರಡು ಹೆಸರುಗಳಿಂದ ಬಂದಿದೆ; ಟೆರಿಯರ್ ಎಂಬ ಹೆಸರಿನಡಿಯಲ್ಲಿ ತೊಡೆಯ ಮೇಲೆ ಮಲಗುವ ಪುಟ್ಟ ನಾಯಿಗಳೂ ಸೇರಿಹೋಗಬಹುದು; ತುರ್ಕಿಯ ಕಂಗಾಲ್, ಅಕ್ಬಾಷ್, ಬಾಲ್ಕನ್ ಪರ್ವತಗಳ ಸಾರ್‌ಪ್ಲಾನಿನಾಕ್ ಇವು ತೋಳದಿಂದ ಕುರಿಹಿಂಡನ್ನು ಕಾಯುವ ನಾಯಿಗಳು, ಅಂದರೆ ನಮ್ಮ ಕುರುಬರ ಹಟ್ಟಿನಾಯಿಗಳಿಗೆ ವೃತ್ತಿಬಾಂಧವರು. ಕರ್ನಾಟಕದ ಉಚ್ಚ ನ್ಯಾಯಾಲಯವು ಮಾರ್ಚ್ ತಿಂಗಳಿನಲ್ಲಿ ಈ ಸುತ್ತೋಲೆಗೆ ತಡೆಯಿತ್ತು, ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಆದೇಶದಿಂದ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರೆಲ್ಲರ ಅಭಿಪ್ರಾಯವನ್ನು ಕೇಳದೆ ಇಂತಹ ನಿರ್ಬಂಧ ಹೊರಡಿಸಿದುದು ಅದಕ್ಕೆ ಮುಖ್ಯ ಕಾರಣ. ಅದೇ ತಿಂಗಳು ದೆಹಲಿಯಲ್ಲಿಯೂ ಆ ಸುತ್ತೋಲೆ ಉಳಿಯಲಿಲ್ಲ.

ನಿಷೇಧವನ್ನು ಬಯಸುವವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಎಲ್ಲ ನಾಯಿಗಳೂ ಕಚ್ಚಬಲ್ಲುವಾದರೂ ಎಲ್ಲವುಗಳ ಕಡಿತವೂ ಸಮಾನವಲ್ಲ. ಕಾದಾಟಕ್ಕೆಂದೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಪ್ರಾಣಿಯ ದವಡೆಗೆ ಸಿಕ್ಕ ಮಗುವಿಗೆ, ಒಡೆಯನಿಗೆ ಮುಂದೆ ಆಗುವ ಶಿಕ್ಷೆಯಿಂದ ಯಾವ ಪರಿಹಾರವೂ ಇಲ್ಲ. ಇಂಗ್ಲೆಂಡು 1991ರಲ್ಲಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿದುದು ಈ ತರ್ಕದಿಂದಲೇ. ಆದರೆ ಮೂವತ್ತೆರಡು ವರ್ಷಗಳಾದ ಮೇಲೆ ಎಕ್ಸ್‌ಎಲ್ ಬುಲ್ಲಿ ಎಂಬ ಐದನೆಯ ಬಗೆಯನ್ನು ಪಟ್ಟಿಗೆ ಸೇರಿಸಬೇಕಾಗಿ ಬಂದುದರಿಂದ, ಉಗ್ರವಾದ ನಾಯಿಯನ್ನು ಬಯಸುವ ಒಡೆಯನು ಒಂದು ತಳಿಗೆ ಬಾಗಿಲು ಮುಚ್ಚಿದರೆ ಮತ್ತೊಂದನ್ನು ಸೃಷ್ಟಿಸಿಕೊಳ್ಳುವನೆಂಬುದು ಸ್ಪಷ್ಟವಾಯಿತು. ನೆದರ್ಲೆಂಡ್ಸ್ ದೇಶವು 1993ರಲ್ಲಿ ಪಿಟ್‌ಬುಲ್ಲನ್ನು ನಿಷೇಧಿಸಿ, ಕಡಿತಗಳು ಕಡಮೆಯಾಗದುದನ್ನು ಕಂಡು 2008ರಲ್ಲಿ ಆ ನಿಷೇಧವನ್ನು ಕೈಬಿಡಲು ನಿರ್ಧರಿಸಿತು. ಇಟಲಿಯು 2003ರಲ್ಲಿ ತಳಿಗಳ ಉದ್ದನೆಯ ಪಟ್ಟಿಯೊಂದನ್ನು ಹೊರಡಿಸಿ, 2009ರಲ್ಲಿ ಅದನ್ನು ತೊರೆದು, ಹೊಣೆಯನ್ನು ಒಡೆಯರ ಮೇಲೆ ಹೊರಿಸಿತು.

ಈ ವಿವೇಕಕ್ಕಾಗಿ ನಮ್ಮ ಸೀಮೆಯವರು ಇಟಲಿಗೆ ಹೋಗಬೇಕಾದುದಿಲ್ಲ. ದೀಪಾವಳಿಯಿಂದ ಮೊದಲ್ಗೊಂಡು ಈ ತಾಲೂಕುಗಳ ಊರೂರಿನಲ್ಲಿ ನಡೆಯುವ ಹೋರಿ ಹಬ್ಬವನ್ನು ನೋಡಿದವರಿಗೆ, ಕೊಬ್ಬರಿಯ ಹಾರಗಳನ್ನು ಕಟ್ಟಿಸಿಕೊಂಡು ಜನಸಂದಣಿಯನ್ನು ಸೀಳಿ ಓಡುವ ಹೋರಿಯ ವೇಗವೂ, ಪ್ರತಿವರ್ಷ ತಿವಿತಕ್ಕೆ ಸಿಕ್ಕು ಗಾಯಗೊಂಡವರ, ಕೆಲವೊಮ್ಮೆ ಸತ್ತವರ ವಾರ್ತೆಯೂ ಗೊತ್ತು. ಇಷ್ಟಾದರೂ ಯಾವ ಊರಿನವರೂ ಖಿಲಾರಿಯೆಂಬ ಹೋರಿಯ ತಳಿಯನ್ನೇ ಅಳಿಸಿರೆಂದು ಕೇಳಿದುದಿಲ್ಲ. ಬಂಕಾಪುರದ ಕೋಟೆಯೊಳಗೆ ಸರಕಾರವೇ ಆ ತಳಿಯನ್ನು ಸಂವರ್ಧಿಸುತ್ತಿದೆ. ಜನರು ಕೇಳುವುದು, ಬೇಲಿ ಕಟ್ಟಿದ್ದರೇ, ಅನುಮತಿ ಪಡೆದಿದ್ದರೇ, ಹೋರಿಯ ಒಡೆಯನು ಎಲ್ಲಿದ್ದನು ಎಂದು. 2014ರಲ್ಲಿ ಜಲ್ಲಿಕಟ್ಟು ಮೊದಲಾದವನ್ನು ತಡೆದ ಸರ್ವೋಚ್ಚ ನ್ಯಾಯಾಲಯವು, 2023ರ ಮೇ 18ರಂದು ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ತಿದ್ದುಪಡಿ ಕಾಯಿದೆಗಳನ್ನು ಎತ್ತಿಹಿಡಿದುದೂ, ನಿಯಮಕ್ಕೊಳಪಟ್ಟರೆ ಈ ಕ್ರೀಡೆಗಳು ನಡೆಯಬಹುದೆಂಬ ದೃಷ್ಟಿಯಿಂದಲೇ. ಕೊಂಬಿನ ವಿಷಯದಲ್ಲಿ ನಾವು ಒಪ್ಪಿದ ನ್ಯಾಯವನ್ನು ಕೋರೆಹಲ್ಲಿನ ವಿಷಯದಲ್ಲಿ ಒಪ್ಪದಿರಲು ಕಾರಣವಿಲ್ಲ. ಮಿತಾಕ್ಷರೆಯು ಎರಡನ್ನೂ ಒಟ್ಟಿಗೇ ಹೇಳಿತ್ತು.

ಆದರೆ ಒಡೆಯನ ಹೊಣೆಯೆಂಬುದು ಬಾಯಿಮಾತಾದರೆ ನಿಷೇಧವಾದಿಗಳೇ ಗೆಲ್ಲುವರು, ಗೆಲ್ಲುವುದು ನ್ಯಾಯವೂ ಆದೀತು. 1860ರ ಸಾವಿರ ರೂಪಾಯಿ ಒಬ್ಬ ಸಂಸಾರಿಯನ್ನು ಬೀದಿಪಾಲು ಮಾಡಬಹುದಾದ ಮೊತ್ತ. ಅದೇ ಸಾವಿರವು ಮುಂದಿನ ನೂರಾ ಅರವತ್ತು ವರ್ಷ ಬದಲಾಗದೆ ಉಳಿದು ನಗೆಪಾಟಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಅದನ್ನು ಐದು ಸಾವಿರಕ್ಕೆ ಏರಿಸಿದೆ. ಒಂದು ವಿದೇಶಿ ಮರಿಯ ಬೆಲೆಯೇ ಅದಕ್ಕಿಂತ ಹೆಚ್ಚು. ಗಾಯಾಳುವಿನ ಚಿಕಿತ್ಸೆಯ ಸಂಪೂರ್ಣ ವೆಚ್ಚವನ್ನು ಒಡೆಯನೇ ಭರಿಸುವಂತೆ ವಿಧಿಸದ ಹೊರತು ಈ ದಂಡಕ್ಕೆ ಅರ್ಥ ಬಾರದು.

ಆದುದರಿಂದ ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳ ಪುರಸಭೆಗಳೂ ಹಿರೇಕೆರೂರಿನ ಪಟ್ಟಣ ಪಂಚಾಯತಿಯೂ ಮಾಡತಕ್ಕ ಕಾರ್ಯ ಸ್ಪಷ್ಟವಾಗಿದೆ. ಸಾಕಿದ ಪ್ರತಿಯೊಂದು ನಾಯಿಯನ್ನೂ ಒಡೆಯನ ಹೆಸರಿನೊಡನೆ ದಾಖಲಿಸಬೇಕು. ವರ್ಷಕ್ಕೊಮ್ಮೆ ರೇಬೀಸು ಲಸಿಕೆಯನ್ನು ಕಡ್ಡಾಯ ಮಾಡಬೇಕು. ಭಾರಿ ನಾಯಿಯನ್ನು ಬೀದಿಗೆ ತರುವವನು ಹಗ್ಗವನ್ನೂ ಬಾಯಿಕುಕ್ಕೆಯನ್ನೂ ತಪ್ಪಿಸಕೂಡದು. ಎಲ್ಲರೂ ಅನ್ನ ಹಾಕಿ ಯಾರೂ ಒಡೆಯರಾಗದ ಬೀದಿನಾಯಿಗಳಿಗೆ ಸಂತಾನನಿಯಂತ್ರಣವನ್ನೂ ಲಸಿಕೆಯನ್ನೂ ಪುರಸಭೆಯೇ ತನ್ನ ಹೊಣೆಯೆಂದು ನಿರ್ವಹಿಸಬೇಕು. ನಾಯಿಯನ್ನು ಸಾಕಬೇಕೆಂದಿರುವ ಓದುಗರಲ್ಲಿ ಬಿನ್ನಹವಿಷ್ಟೆ: ಅದು ಯಾವ ತಳಿಯದೆಂದು ವಿಚಾರಿಸುವ ಮುನ್ನ, ಅದು ನಾಳೆ ಮಾಡಬಹುದಾದ ಕೃತ್ಯಕ್ಕೆ ನೆರೆಯವರ ಮುಂದೆ ನಿಂತು ಉತ್ತರ ಹೇಳಬಲ್ಲೆನೇ ಎಂದು ತಮ್ಮನ್ನು ತಾವೇ ವಿಚಾರಿಸಿಕೊಳ್ಳಲಿ, ಹೇಳಲಾರದವರು ನಾಯಿಯನ್ನು ಸಾಕದಿರುವುದೇ ಲೇಸು.