ಕಪ್ಪೋ ಬಿಳಿಯೋ..

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಕನ್ನಡ ಪುಸ್ತಕಗಳನ್ನು ನೀವೂ ಓದಿರ್ತೀರ. ಎಷ್ಟೋ ಪುಟಗಳಲ್ಲಿ ಒತ್ತಕ್ಷರ ಮಾಯ, ಅನುಸ್ವಾರದ ಸೊನ್ನೆ ತುಂಬಿ ಬರೀ ಕಪ್ಪು ಚುಕ್ಕೆ! ಅಂಥದೊಂದು ಪುಟದ ಟಿಫ್ ಫೈಲ್ ಓದೋಕೆ ಪುಟ್ಟ ಪ್ರೋಗ್ರಾಮ್ ಬರೆಯುತ್ತಾ ಇದರ ಇತಿಹಾಸ ಕೆದಕಿದೆ.

1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸಿನ ರಸೆಲ್ ಕಿರ್ಶ್ ಮತ್ತು ಸಂಗಡಿಗರು ಸೀಯಾಕ್ ಎಂಬ ಕಂಪ್ಯೂಟರಿಗೆ ಡ್ರಮ್ ಸ್ಕ್ಯಾನರ್ ಜೋಡಿಸಿ, ಕಿರ್ಶರ ಹಸುಗೂಸಿನ ಫೋಟೋವನ್ನು ಒಳಗೆ ಕಳಿಸಿದರು. 176 x 176 ಚುಕ್ಕಿ. ಪ್ರತಿಯೊಂದೂ ಕಪ್ಪು, ಇಲ್ಲವೇ ಬಿಳಿ. ಇದು ಸಾಲದು ಅಂತ ಅವರಿಗೆ ಆಗಲೇ ಗೊತ್ತಿತ್ತು. ಎಷ್ಟು ಕಪ್ಪಾದರೆ ಕಪ್ಪು ಅನ್ನೋ ಗಡಿಯನ್ನು ಬದಲಿಸುತ್ತಾ, ಅದೇ ಫೋಟೋವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಪೇರಿಸಿ ಬೂದು ಬಣ್ಣ ತಂದರು.

ಟಿಫ್ ಬಂದದ್ದು 1986ರಲ್ಲಿ, ಆಲ್ಡಸ್ ಕಂಪನಿಯಿಂದ. ಮೊದಲೆರಡು ಬೈಟ್ 'ಐಐ' ಇದ್ದರೆ ಇಂಟೆಲ್ ಕ್ರಮ, 'ಎಂಎಂ' ಇದ್ದರೆ ಮೋಟರೋಲಾ, ಆಮೇಲೆ 42. (ಹೌದು, ಅದೇ 42 :-)) ಪುಟವನ್ನು ಹಿಂಡಿಡೋ ಗ್ರೂಪ್ 4 ಫ್ಯಾಕ್ಸ್ ಲೋಕದ್ದು, 1984ರದು.

600 ಡಿಪಿಐನಲ್ಲಿ ಒಂದು ಎ4 ಪುಟ, ಚುಕ್ಕಿಗೊಂದೇ ಬಿಟ್ ಇಟ್ಟರೆ 4 ಎಂಬಿಗೆ ಸ್ವಲ್ಪ ಜಾಸ್ತಿ. ಗ್ರೇಸ್ಕೇಲಲ್ಲಿ ಸುಮಾರು 35. ಲಕ್ಷಾಂತರ ಪುಟಕ್ಕೆ ಡಿಸ್ಕ್ ಹೊಂದಿಸಬೇಕಾದವರು ಒಂದು ಬಿಟ್ ಆರಿಸಿದ್ದು ನನಗೆ ಅರ್ಥವಾಗುತ್ತೆ, ಆದರೂ ಹೊಟ್ಟೆ ಉರಿಯುತ್ತೆ. ಗ್ರೂಪ್ 4 ಏನನ್ನೂ ಕಳೆಯಲ್ಲ, ಪಾಪ. ಕಳೆದದ್ದು ಅದಕ್ಕೂ ಮುಂಚೆ, ಸ್ಕ್ಯಾನರ್ ಗಡಿ ಎಳೆದಾಗ. ಮಾಸಿದ ಮಸಿ ಆ ಗಡಿಯಾಚೆ ಬಿದ್ದರೆ ಅದೂ ಬಿಳೀ ಕಾಗದವೇ. ಒತ್ತಕ್ಷರ ವಾಪಸ್ ಬೇಕೆಂದರೆ ಮೂಲ ಪುಸ್ತಕವನ್ನೇ ಹುಡುಕಿ ಮತ್ತೆ ಸ್ಕ್ಯಾನ್ ಮಾಡಬೇಕು. ನಿಮ್ಮ ಅಟ್ಟದ ಮೇಲೆ ಅಂಥವು ಇದ್ದರೆ ಹೇಳಿ ಮಾರಾಯ್ರೆ.