ಫೇರ್‌ವೆಲ್ ಟು ದ ವರ್ಲ್ಡ್ (ಸಂಗೀತ ಕಾರ್ಯಕ್ರಮ)

ಫೇರ್‌ವೆಲ್ ಟು ದ ವರ್ಲ್ಡ್ (ಅರ್ಥ: 'ಲೋಕಕ್ಕೆ ವಿದಾಯ') ಎಂಬುದು ಕ್ರೌಡೆಡ್ ಹೌಸ್ ಎಂಬ ರಾಕ್ ಸಂಗೀತ ತಂಡವು ತನ್ನ ವಿಸರ್ಜನೆಗೆ ಮುನ್ನ ನಡೆಸಿದ ಬೀಳ್ಕೊಡುಗೆ ಕಾರ್ಯಕ್ರಮದ ಹೆಸರು. ಇದು 1996ರ ನವೆಂಬರ್ 24ರ ಭಾನುವಾರ ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ, ಸಿಡ್ನಿ ಒಪೆರಾ ಹೌಸ್‌ನ ಮುಂಭಾಗದ ಬಯಲಿನಲ್ಲಿ ನಡೆಯಿತು. ಪ್ರವೇಶ ಉಚಿತವಾಗಿತ್ತು. ನೆರೆದಿದ್ದವರ ಸಂಖ್ಯೆಯನ್ನು 1,20,000ದಿಂದ 2,50,000ದವರೆಗೆ ಬೇರೆ ಬೇರೆ ರೀತಿಯಲ್ಲಿ ಅಂದಾಜಿಸಲಾಗಿದೆ. ಆಸ್ಟ್ರೇಲಿಯಾದಲ್ಲಿ ನಡೆದ ಅತಿ ದೊಡ್ಡ ಸಂಗೀತ ಸಭೆಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ.

ಅನೇಕ ರಾಕ್ ತಂಡಗಳ ಕೊನೆಯ ಕಾರ್ಯಕ್ರಮವು ಕೊನೆಯದೆಂದು ಅಭಿಮಾನಿಗಳಿಗೆ ತಿಳಿಯುವುದು ಕಾಲಾನಂತರದಲ್ಲಿ. ಬೀಟಲ್ಸ್ ತಂಡವು 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕ್ರೀಡಾಂಗಣದಲ್ಲಿ ತನ್ನ ಕೊನೆಯ ಪ್ರವಾಸದ ಕೊನೆಯ ಕಾರ್ಯಕ್ರಮವನ್ನು ಯಾವ ಘೋಷಣೆಯೂ ಇಲ್ಲದೆ ಮುಗಿಸಿತು. ಸಿಡ್ನಿಯಲ್ಲಿ ಹಾಗಾಗಲಿಲ್ಲ. ಹಾಡುವವರಿಗೂ ಕೇಳುವವರಿಗೂ ಅದು ವಿದಾಯವೆಂಬುದು ಮೊದಲೇ ತಿಳಿದಿತ್ತು.

ತಂಡದ ಹಿನ್ನೆಲೆ

ಕ್ರೌಡೆಡ್ ಹೌಸ್ 1985ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂಪುಗೊಂಡಿತು. ಇದರ ಮುಖ್ಯ ಗಾಯಕ ಹಾಗೂ ಗೀತರಚನೆಕಾರ ನೀಲ್ ಫಿನ್ ನ್ಯೂಜಿಲೆಂಡಿನ ಟೆ ಅವಾಮುಟು ಪಟ್ಟಣದವರು. ಅವರೂ ಡ್ರಮ್ ವಾದಕ ಪಾಲ್ ಹೆಸ್ಟರ್ ಅವರೂ ಅದಕ್ಕೆ ಮೊದಲು ಸ್ಪ್ಲಿಟ್ ಎಂಜ್ ಎಂಬ ತಂಡದಲ್ಲಿದ್ದರು. 1984ರಲ್ಲಿ ಆ ತಂಡ ವಿಸರ್ಜನೆಗೊಂಡ ಬಳಿಕ ಅವರು ಬಾಸ್ ಗಿಟಾರ್ ವಾದಕ ನಿಕ್ ಸೀಮೋರ್ ಅವರೊಡನೆ ಸೇರಿ ಹೊಸ ತಂಡವನ್ನು ಕಟ್ಟಿದರು. ಮೊದಲ ಆಲ್ಬಮ್ ಸಿದ್ಧಪಡಿಸುವಾಗ ಅವರು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ವಾಸವಿದ್ದ ಇಕ್ಕಟ್ಟಾದ ಮನೆಯೇ ತಂಡದ ಹೆಸರಿಗೆ ಪ್ರೇರಣೆಯಾಯಿತು. 'ಕ್ರೌಡೆಡ್ ಹೌಸ್' ಎಂದರೆ ಜನ ತುಂಬಿದ ಮನೆ.

1986ರಲ್ಲಿ ಹೊರಬಂದ ಮೊದಲ ಆಲ್ಬಮ್‌ನ 'ಡೋಂಟ್ ಡ್ರೀಮ್ ಇಟ್ಸ್ ಓವರ್' ಹಾಡು 1987ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿ ತಂಡಕ್ಕೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. 1991ರ 'ವುಡ್‌ಫೇಸ್' ಆಲ್ಬಮ್‌ಗಾಗಿ ನೀಲ್ ಅವರ ಅಣ್ಣ ಟಿಮ್ ಫಿನ್ ತಂಡವನ್ನು ಸೇರಿ, ಆ ವರ್ಷವೇ ಹೊರನಡೆದರು. ಅಮೆರಿಕದ ವಾದಕ ಮಾರ್ಕ್ ಹಾರ್ಟ್ ಅನಂತರ ತಂಡದ ಕಾಯಂ ಸದಸ್ಯರಾದರು. 1993ರಲ್ಲಿ 'ಟುಗೆದರ್ ಅಲೋನ್' ಆಲ್ಬಮ್ ಬಿಡುಗಡೆಯಾಯಿತು.

ವಿಸರ್ಜನೆಯ ನಿರ್ಧಾರ

ಪಾಲ್ ಹೆಸ್ಟರ್ ಕೇವಲ ತಾಳ ಹಾಕುವವರಾಗಿರಲಿಲ್ಲ. ಹಾಡುಗಳ ನಡುವೆ ಅವರು ಆಡುತ್ತಿದ್ದ ಹಾಸ್ಯದ ಮಾತುಗಳು ತಂಡದ ಕಾರ್ಯಕ್ರಮಗಳ ಪ್ರಮುಖ ಆಕರ್ಷಣೆಯಾಗಿದ್ದವು. 1994ರ ಏಪ್ರಿಲ್‌ನಲ್ಲಿ, ಅಮೆರಿಕ ಪ್ರವಾಸದ ನಡುವೆಯೇ ಅವರು ತಂಡವನ್ನು ಬಿಟ್ಟು ತವರಿಗೆ ಮರಳಿದರು. ಮುಂದಿನ ಕಾರ್ಯಕ್ರಮಗಳಲ್ಲಿ ಪೀಟರ್ ಜೋನ್ಸ್ ಡ್ರಮ್ ನುಡಿಸಿದರು. ತಂಡ ಮುಂದುವರಿಯಿತಾದರೂ ಮೂವರು ಸ್ಥಾಪಕರಲ್ಲಿ ಒಬ್ಬರು ಇಲ್ಲದ ಕೊರತೆ ಉಳಿದೇ ಉಳಿಯಿತು.

1996ರ ಜೂನ್‌ನಲ್ಲಿ, 'ರಿಕರಿಂಗ್ ಡ್ರೀಮ್' ಎಂಬ ಆಯ್ದ ಹಾಡುಗಳ ಸಂಕಲನದ ಬಿಡುಗಡೆಗೆ ಸಂಬಂಧಿಸಿದ ಪತ್ರಿಕಾಗೋಷ್ಠಿಯಲ್ಲಿ ನೀಲ್ ಫಿನ್ ತಂಡದ ವಿಸರ್ಜನೆಯನ್ನು ಪ್ರಕಟಿಸಿದರು. ಯುರೋಪ್ ಮತ್ತು ಕೆನಡಾದ ಕಾರ್ಯಕ್ರಮಗಳೇ ಕೊನೆಯವಾಗಬೇಕಿತ್ತು. ಈ ಸುದ್ದಿ ತಿಳಿದ ಹೆಸ್ಟರ್, ತಂಡ ಹುಟ್ಟಿ ಬೆಳೆದ ನೆಲದ ಅಭಿಮಾನಿಗಳಿಗೆ ವಿದಾಯ ಹೇಳದೆ ಮುಗಿಸುವುದು ಸರಿಯಲ್ಲವೆಂದು ಫಿನ್ ಅವರ ಮನವೊಲಿಸಿದರು. ಹೀಗೆ, ಎರಡು ವರ್ಷಗಳ ಹಿಂದೆ ತಂಡವನ್ನು ಮೊದಲು ಬಿಟ್ಟವರೇ ಅದರ ಬೀಳ್ಕೊಡುಗೆಗೆ ಕಾರಣರಾದರು.

ಸ್ಥಳ ಮತ್ತು ಸಿದ್ಧತೆ

ಕಾರ್ಯಕ್ರಮಕ್ಕೆ ಆರಿಸಿಕೊಂಡ ಸ್ಥಳ ಸಿಡ್ನಿ ಒಪೆರಾ ಹೌಸ್. 1973ರಲ್ಲಿ ಉದ್ಘಾಟನೆಗೊಂಡ ಈ ಕಟ್ಟಡವು ಬೆನೆಲಾಂಗ್ ಪಾಯಿಂಟ್ ಎಂಬ ಭೂಚಾಚಿನ ಮೇಲಿದೆ. ಮೂರು ಕಡೆ ಬಂದರಿನ ನೀರು, ಪಶ್ಚಿಮಕ್ಕೆ ಹಾರ್ಬರ್ ಸೇತುವೆ, ಮಗ್ಗುಲಲ್ಲಿ ಸಸ್ಯೋದ್ಯಾನ. ಕಟ್ಟಡದ ಮುಂದಿನ ಅಗಲವಾದ ಮೆಟ್ಟಿಲುಸಾಲಿನಲ್ಲಿ ವೇದಿಕೆಯನ್ನು ನಿರ್ಮಿಸಲಾಯಿತು. ಸಿಡ್ನಿ ಮಕ್ಕಳ ಆಸ್ಪತ್ರೆಗೆ ನೆರವಾಗಿ ಧನಸಂಗ್ರಹಿಸುವುದು ಕಾರ್ಯಕ್ರಮದ ಉದ್ದೇಶವಾಗಿತ್ತು.

ಮೊದಲು ನಿಗದಿಯಾಗಿದ್ದ ದಿನ ನವೆಂಬರ್ 23, ಶನಿವಾರ. ಆ ದಿನ ಸುರಿದ ಮಳೆಯಿಂದಾಗಿ ಕಾರ್ಯಕ್ರಮವನ್ನು ಮರುದಿನಕ್ಕೆ ಮುಂದೂಡಬೇಕಾಯಿತು. 'ವೆದರ್ ವಿತ್ ಯೂ', 'ಫೋರ್ ಸೀಸನ್ಸ್ ಇನ್ ಒನ್ ಡೇ' ಮುಂತಾದ ಹಾಡುಗಳಲ್ಲಿ ಹವೆಯನ್ನೂ ಋತುಗಳನ್ನೂ ಮನಸ್ಸಿನ ಸ್ಥಿತಿಗೆ ಪ್ರತಿಮೆಯಾಗಿ ಬಳಸಿದ ತಂಡದ ವಿದಾಯವನ್ನೇ ಮಳೆ ಒಂದು ದಿನ ತಡೆಹಿಡಿದದ್ದು ಕಾಕತಾಳೀಯ.

ಕಾರ್ಯಕ್ರಮ

ಆಸ್ಟ್ರೇಲಿಯಾದ ಕಸ್ಟರ್ಡ್, ಯೂ ಆ್ಯಮ್ ಐ ಮತ್ತು ಪೌಡರ್‌ಫಿಂಗರ್ ತಂಡಗಳು ಆರಂಭದಲ್ಲಿ ಹಾಡಿದವು. ಬಳಿಕ ಫಿನ್, ಸೀಮೋರ್, ಹಾರ್ಟ್ ಮತ್ತು ಹೆಸ್ಟರ್ ವೇದಿಕೆಗೆ ಬಂದರು. ಮೊದಲ ಹಾಡು 'ಮೀನ್ ಟು ಮಿ'. ಅದು ಮೊದಲ ಆಲ್ಬಮ್‌ನ ಹಾಡು. ಫಿನ್ ಅವರ ಹುಟ್ಟೂರಿನ ಹೆಸರು ಅದರಲ್ಲಿ ಬರುತ್ತದೆ. ತಂಡದ ಕೊನೆಯ ಸಂಜೆ ಅದರ ಆರಂಭದ ದಿನಗಳ ಹಾಡಿನಿಂದಲೇ ತೊಡಗಿತು.

ನಾಲ್ಕು ಆಲ್ಬಮ್‌ಗಳ ಜನಪ್ರಿಯ ಹಾಡುಗಳು ಒಂದಾದ ಮೇಲೊಂದರಂತೆ ಮೂಡಿಬಂದವು. ಹೆಸ್ಟರ್ ರಚಿಸಿದ 'ಇಟಾಲಿಯನ್ ಪ್ಲಾಸ್ಟಿಕ್' ಎಂಬ ಲಘುಧಾಟಿಯ ಹಾಡಿಗೂ ಸ್ಥಾನ ದೊರೆಯಿತು. ಟಿಮ್ ಫಿನ್ ಅತಿಥಿಯಾಗಿ ಬಂದು ತಮ್ಮನೊಡನೆ ಹಾಡಿದರು. ಹೆಸ್ಟರ್ ನಿರ್ಗಮಿಸಿದ ಬಳಿಕ ತಂಡವನ್ನು ನಡೆಸಿಕೊಂಡು ಹೋಗಿದ್ದ ಪೀಟರ್ ಜೋನ್ಸ್ ಅವರಿಗೂ ಕೆಲವು ಹಾಡುಗಳಿಗೆ ಡ್ರಮ್ ನುಡಿಸುವ ಅವಕಾಶವಿತ್ತು. ತಂಡದಿಂದ ಹಿಂದೆ ಹೊರನಡೆದವರೂ ಅವರ ಜಾಗಕ್ಕೆ ಬಂದವರೂ ಒಂದೇ ವೇದಿಕೆಯಲ್ಲಿ ಕೂಡಿದ್ದು ಈ ಕಾರ್ಯಕ್ರಮದ ವಿಶೇಷ.

ಕೊನೆಯ ಹಾಡಾಗಿ 'ಡೋಂಟ್ ಡ್ರೀಮ್ ಇಟ್ಸ್ ಓವರ್' ಅನ್ನು ಹಾಡಲಾಯಿತು. 'ಮುಗಿಯಿತೆಂದು ಕನಸಿನಲ್ಲಿಯೂ ನೆನೆಯಬೇಡ' ಎಂಬ ಅರ್ಥದ ಶೀರ್ಷಿಕೆಯುಳ್ಳ ಹಾಡಿನಿಂದಲೇ ಎಲ್ಲವೂ ಮುಗಿಯಿತು. ಬಯಲಿನಲ್ಲಿದ್ದ ಜನಸಮೂಹ ಜೊತೆಗೂಡಿ ಹಾಡಿತು. ಸದಾ ನಗಿಸುತ್ತಿದ್ದ ಹೆಸ್ಟರ್ ಡ್ರಮ್ ನುಡಿಸುತ್ತಲೇ ಕಣ್ಣೀರು ಹಾಕಿದರು. ಚಿತ್ರೀಕರಣದಲ್ಲಿ ದಾಖಲಾದ ಈ ದೃಶ್ಯವು ಆ ಸಂಜೆಯ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಂಡಿದೆ.

ದಾಖಲೀಕರಣ

ಕಾರ್ಯಕ್ರಮದ ಚಿತ್ರೀಕರಣವು ಮೊದಲು ವಿಡಿಯೋ ಕ್ಯಾಸೆಟ್ ರೂಪದಲ್ಲಿ ಬಿಡುಗಡೆಯಾಯಿತು. ಹತ್ತನೆಯ ವಾರ್ಷಿಕದ ಸಂದರ್ಭದಲ್ಲಿ, 2006ರಲ್ಲಿ, ಇದರ ಡಿವಿಡಿ ಆವೃತ್ತಿಯೂ ಧ್ವನಿಮುದ್ರಿಕೆಯೂ ಹೊರಬಂದವು. ಸ್ಥಳದಲ್ಲಿ ಇಲ್ಲದಿದ್ದವರಿಗೂ ಆಗ ಚಿಕ್ಕವರಾಗಿದ್ದವರಿಗೂ ಆ ಸಂಜೆಯ ಪರಿಚಯವಾದದ್ದು ಈ ದಾಖಲೆಗಳ ಮೂಲಕವೇ.

ನಂತರದ ಘಟನೆಗಳು

ವಿಸರ್ಜನೆಯ ಬಳಿಕ ನೀಲ್ ಫಿನ್ 1998ರಲ್ಲಿ 'ಟ್ರೈ ವಿಸ್ಲಿಂಗ್ ದಿಸ್' ಎಂಬ ತಮ್ಮ ಮೊದಲ ಸ್ವತಂತ್ರ ಆಲ್ಬಮ್ ಹೊರತಂದರು. ಹೆಸ್ಟರ್ ದೂರದರ್ಶನ ಕಾರ್ಯಕ್ರಮಗಳಲ್ಲಿಯೂ ಇತರ ಸಂಗೀತ ತಂಡಗಳಲ್ಲಿಯೂ ತೊಡಗಿಕೊಂಡರು. ದೀರ್ಘಕಾಲ ಖಿನ್ನತೆಯಿಂದ ಬಳಲಿದ್ದ ಅವರು 2005ರ ಮಾರ್ಚ್ 26ರಂದು, 46ನೆಯ ವಯಸ್ಸಿನಲ್ಲಿ, ಮೆಲ್ಬರ್ನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಈ ಅಗಲಿಕೆ ಉಳಿದ ಸದಸ್ಯರನ್ನು ಮತ್ತೆ ಹತ್ತಿರ ತಂದಿತು. ಫಿನ್ ಅವರ ಸ್ವತಂತ್ರ ಆಲ್ಬಮ್ ಆಗಿ ಆರಂಭಗೊಂಡ ಕೆಲಸಕ್ಕೆ ಸೀಮೋರ್ ಸೇರಿಕೊಂಡರು. ಅದೇ 2007ರಲ್ಲಿ 'ಟೈಮ್ ಆನ್ ಅರ್ತ್' ಎಂಬ ಹೆಸರಿನಲ್ಲಿ ಕ್ರೌಡೆಡ್ ಹೌಸ್‌ನ ಆಲ್ಬಮ್ ಆಗಿ ಪ್ರಕಟವಾಯಿತು. ಮ್ಯಾಟ್ ಶೆರಾಡ್ ಹೊಸ ಡ್ರಮ್ ವಾದಕರಾದರು. ಪೀಟರ್ ಜೋನ್ಸ್ 2012ರಲ್ಲಿ ನಿಧನರಾದರು. 2016ರ ನವೆಂಬರ್‌ನಲ್ಲಿ ತಂಡವು ಆಸ್ಟ್ರೇಲಿಯಾದ ಏರಿಯಾ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರವಾಯಿತು. ಅದೇ ತಿಂಗಳ 24ರಿಂದ ನಾಲ್ಕು ದಿನ, ಇಪ್ಪತ್ತು ವರ್ಷಗಳ ಹಿಂದಿನ ಅದೇ ಮೆಟ್ಟಿಲುಗಳ ಮುಂದೆ, ತಂಡವು ಮತ್ತೆ ಹಾಡಿತು.

ಅಭಿಮಾನಿಗಳ ಸ್ಮರಣೆಯಲ್ಲಿ

ತಂಡ ಮತ್ತೆ ಒಂದಾದ ಮೇಲೆ 1996ರ ಕಾರ್ಯಕ್ರಮವನ್ನು 'ಕೊನೆಯದು' ಎನ್ನುವುದು ಸರಿಯೇ ಎಂಬ ಪ್ರಶ್ನೆ ಸಹಜ. ವಿಸರ್ಜನೆಯ ನಂತರ ಪುನರ್ಮಿಲನಗೊಂಡ ತಂಡಗಳ ಬೀಳ್ಕೊಡುಗೆಗಳು ಎಷ್ಟೋ ವೇಳೆ ಹಾಸ್ಯದ ವಸ್ತುವಾಗುತ್ತವೆ. ಸಿಡ್ನಿಯ ಸಂಜೆಗೆ ಆ ಗತಿ ಒದಗಲಿಲ್ಲ. ಹೆಸರು ಮರಳಿ ಬಂದರೂ ಅಂದು ವೇದಿಕೆಯಲ್ಲಿದ್ದ ತಂಡ ಮರಳಿ ಬರುವುದು ಹೆಸ್ಟರ್ ಅವರ ನಿಧನದಿಂದ ಅಸಾಧ್ಯವಾಗಿತ್ತು.

ಆದ್ದರಿಂದ ಆ ಕಾರ್ಯಕ್ರಮದ ನೆನಪು ಎರಡು ಪದರಗಳಲ್ಲಿ ಉಳಿದಿದೆ. 1996ರಲ್ಲಿ ಜನರು ಬೀಳ್ಕೊಟ್ಟದ್ದು ಒಂದು ತಂಡವನ್ನು. ಹೆಸ್ಟರ್ ಅವರ ಕಣ್ಣೀರು ಆಗ ಗೆಳೆಯರ ಅಗಲಿಕೆಯ ಕಣ್ಣೀರಾಗಿತ್ತು. 2005ರ ಬಳಿಕ ಅದೇ ಚಿತ್ರಿಕೆಯನ್ನು ನೋಡುವವರಿಗೆ ಅದು ಒಬ್ಬ ವ್ಯಕ್ತಿಯ ವಿದಾಯವಾಗಿಯೂ ಕಾಣುತ್ತದೆ. ಆ ಕಣ್ಣೀರಿನಲ್ಲಿ ಮುಂದಿನ ದುರಂತದ ಮುನ್ಸೂಚನೆ ಇತ್ತೆಂದು ಭಾವಿಸಲು ಆಧಾರವಿಲ್ಲ. ನೋಡುವವರು ತಮಗೆ ತಿಳಿದ ಮುಂದಿನ ಕಥೆಯನ್ನು ಹಳೆಯ ಚಿತ್ರಕ್ಕೆ ಸೇರಿಸಿಕೊಳ್ಳುತ್ತಾರೆ.

'ಡೋಂಟ್ ಡ್ರೀಮ್ ಇಟ್ಸ್ ಓವರ್' ಹಾಡು ಬೇರೆ ಶೋಕಸಂದರ್ಭಗಳಲ್ಲಿಯೂ ಸಾಂತ್ವನ ನೀಡಿದೆ. ಮ್ಯಾಂಚೆಸ್ಟರ್ ಬಾಂಬ್ ಸ್ಫೋಟದ ಸಂತ್ರಸ್ತರಿಗಾಗಿ 2017ರ ಜೂನ್‌ನಲ್ಲಿ ನಡೆದ 'ಒನ್ ಲವ್ ಮ್ಯಾಂಚೆಸ್ಟರ್' ಕಾರ್ಯಕ್ರಮದಲ್ಲಿ ಅರಿಯಾನಾ ಗ್ರಾಂಡೆ ಮತ್ತು ಮೈಲಿ ಸೈರಸ್ ಇದನ್ನು ಹಾಡಿದರು. ಕ್ರೌಡೆಡ್ ಹೌಸ್ ಇಂದಿಗೂ ಸಕ್ರಿಯವಾಗಿದೆ. ನೀಲ್ ಅವರ ಮಕ್ಕಳಾದ ಲಿಯಾಮ್ ಮತ್ತು ಎಲ್ರಾಯ್ ತಂಡದ ಸದಸ್ಯರಾಗಿದ್ದು, ಎಲ್ರಾಯ್ ಡ್ರಮ್ ನುಡಿಸುತ್ತಾರೆ.